ನೋವಿನ ಮದ್ದೂ ವೈದ್ಯರ ಭೀತಿಯೂ

ಅರ್ಬುದರೋಗವು ಕೈಮೀರಿ ಬೆಳೆದವನಿಗೆ ವೈದ್ಯನು ಆಯುಷ್ಯವನ್ನು ಕೊಡಲಾರನು. ಆದರೆ ಅವನ ನೋವನ್ನು ತಗ್ಗಿಸಬಲ್ಲನು. ಅದಕ್ಕೆ ಬೇಕಾದ ಮಾರ್ಫಿನ್ ಔಷಧವು ಅಫೀಮಿನಿಂದ ದೊರೆಯುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಿಗೆಯಿಂದ ಅಫೀಮಿನ ಬೆಳೆ ತೆಗೆಯುತ್ತಾರೆ; ನೀಮಚ, ಘಾಜೀಪುರಗಳಲ್ಲಿ ಸರಕಾರೀ ಕಾರಖಾನೆಗಳಿವೆ; ಪರದೇಶಗಳಿಗೂ ಈ ಮಾಲು ಹೋಗಿದೆ. ಜಗತ್ತಿನ ನೋವಿಗೆ ಮದ್ದನ್ನು ಬೆಳೆಯುವ ನಾಡಿನಲ್ಲಿ ನಮ್ಮವರೇ ಮದ್ದಿಲ್ಲದೆ ನರಳಿ ಸಾಯುವುದಕ್ಕಿಂತ ಲಜ್ಜಾಸ್ಪದವಾದ ಸಂಗತಿ ಬೇರೊಂದಿಲ್ಲ.

ಇದರ ಮೂಲವು 1985ರ ಮಾದಕದ್ರವ್ಯಗಳ ಕಾಯಿದೆಯಲ್ಲಿದೆ. ಕಳ್ಳಸಾಗಣೆಯನ್ನು ತಡೆಯಲೆಂದು ಹುಟ್ಟಿದ ಆ ಕಾಯಿದೆಯು ದವಾಖಾನೆಯ ಬಾಗಿಲನ್ನೂ ಮುಚ್ಚಿತು. ಹಲವು ಇಲಾಖೆಗಳ ಪರವಾನಿಗೆಗಳನ್ನು ಒಟ್ಟುಗೂಡಿಸುವ ತೊಡಕು ಒಂದು ಕಡೆ, ಲೆಕ್ಕದ ತಪ್ಪಿಗೂ ಹತ್ತು ವರ್ಷದ ಸಜೆಯಾದೀತೆಂಬ ಅಂಜಿಕೆ ಇನ್ನೊಂದು ಕಡೆ. ಔಷಧವಾಗಿ ಬಳಕೆಯಾಗುವ ಮಾರ್ಫಿನ್ 1997ರ ಹೊತ್ತಿಗೆ ಶೇಕಡಾ 97ರಷ್ಟು ಇಳಿದು, ಇಡೀ ದೇಶಕ್ಕೆ ಸುಮಾರು 18 ಕಿಲೋಗ್ರಾಮಿಗೆ ಬಂದಿತು. 2014ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನು ತಿದ್ದಿತು. ತರಬೇತಿ ಹೊಂದಿದ ವೈದ್ಯರುಳ್ಳ ಸಂಸ್ಥೆಯು ಈಗ ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆಯಿಂದ ಮಾರ್ಫಿನ್ ಇಡಬಹುದು. ಕಾಯಿದೆ ಸಡಿಲಾಯಿತು, ಭೀತಿ ಮಾತ್ರ ಸಡಿಲಾಗಲಿಲ್ಲ.

ವೈದ್ಯರಲ್ಲಿ ಈ ವಿಷಯಕ್ಕೆ ಎರಡು ಪಂಗಡಗಳಿವೆ. ರೋಗಿಯು ವ್ಯಸನಿಯಾದಾನು, ಉಸಿರು ಕುಂದೀತು, ಗುಳಿಗೆಗಳು ಕಳ್ಳಕೈಗಳಿಗೆ ಸಿಕ್ಕಾವು ಎಂದು ಒಂದು ಪಂಗಡವು ಹೇಳುತ್ತದೆ. ಅಮೇರಿಕೆಯ ಉದಾಹರಣೆಯನ್ನೂ ಅದು ಮುಂದಿಡುತ್ತದೆ. 1990ರ ದಶಕದಿಂದ ಅಲ್ಲಿ ಬೆನ್ನುನೋವಿನಂಥ ಬಹುಕಾಲದ ಬೇನೆಗಳಿಗೂ ಇವನ್ನು ಧಾರಾಳವಾಗಿ ಬರೆದುಕೊಟ್ಟು ಅಸಂಖ್ಯ ಕುಟುಂಬಗಳು ಹಾಳಾದುದು ನಿಜ. ಈ ಎಚ್ಚರವನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಇನ್ನೊಂದು ಪಂಗಡದ ಉತ್ತರವೂ ಯುಕ್ತಿಯುಕ್ತವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ಹೇಳಿದಂತೆ ಬಾಯಿಂದ, ವೇಳೆಗೆ ಸರಿಯಾಗಿ, ನೋವಿನ ಪ್ರಮಾಣವನ್ನರಿತು ಅಲ್ಪ ಪ್ರಮಾಣದಿಂದ ಏರಿಸುತ್ತ ಹೋದರೆ ಅರ್ಬುದರೋಗಿಯಲ್ಲಿ ವ್ಯಸನವು ವಿರಳ. ಉಸಿರಿನ ಅಪಾಯವೂ ಕಡಿಮೆ. ಔಷಧಕ್ಕೆ ಶರೀರವು ಒಗ್ಗುವುದು ಬೇರೆ, ಅಮಲಿಗಾಗಿ ಹಂಬಲಿಸುವುದು ಬೇರೆ. ಮಲಬದ್ಧತೆಗೆ ಮೊದಲಿನಿಂದಲೇ ಉಪಾಯ ಮಾಡಬೇಕು. ಮೂತ್ರಪಿಂಡ ಕೆಟ್ಟವರಲ್ಲಿ ಜಾಗ್ರತೆ ಬೇಕು. ಇವೆಲ್ಲ ಕಲಿತರೆ ಬರುವ ವಿದ್ಯೆ. ಅಮೇರಿಕೆಯದು ಅತಿಯಾದ ದೋಷ. ನಮ್ಮದು ಅಭಾವದ ದೋಷ. ಒಂದರ ಭಯದಿಂದ ಮತ್ತೊಂದನ್ನು ಸಮರ್ಥಿಸಲಾಗದು.

ಮೂಡಲಗಿ ತಾಲೂಕಿನ ನಾಗನೂರಿನ ರೈತನೊಬ್ಬನಿಗೆ ತಂಬಾಕು ಜಗಿದು ಬಾಯಿಯ ಅರ್ಬುದವಾಯಿತೆಂದು ತಿಳಿಯೋಣ. ನಿಪ್ಪಾಣಿಯ ತಂಬಾಕಿನ ಸೀಮೆ ದೂರವಿಲ್ಲದ ನಮ್ಮ ಭಾಗದಲ್ಲಿ ಇದು ಬರಿಯ ಕಲ್ಪನೆಯಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯಿದೆ. ಅಂತ್ಯಕಾಲದ ರೋಗಿಗಳನ್ನು ಪುಕ್ಕಟೆಯಾಗಿ ಸಲಹುವ ಕರುಣಾಶ್ರಯವಿದೆ. ಆದರೆ ನಾಲ್ಕು ತಾಸಿಗೊಮ್ಮೆ ನುಂಗಬೇಕಾದ ಗುಳಿಗೆಗಾಗಿ ಮುಗಿಯುತ್ತ ಬಂದ ಜೀವವು ಐದುನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ತುಳಿಯಬೇಕೇ? ಕಲ್ಲಿಕೋಟೆಯ ವೈದ್ಯರು 1993ರಲ್ಲಿ ಆರಂಭಿಸಿದ ಉಪಶಮನ ಕಾರ್ಯವು ಸ್ವಯಂಸೇವಕರ ನೆರವಿನಿಂದ ಮನೆಮನೆಗೆ ಮುಟ್ಟಿತು. ಸ್ವಾತಂತ್ರ್ಯಪೂರ್ವದಲ್ಲಿಯೇ ಘಟಪ್ರಭೆಯಲ್ಲಿ ಆರೋಗ್ಯಧಾಮವನ್ನು ಕಟ್ಟಿದ ಸೀಮೆಗೆ ಅಂಥ ಸೇವೆಯು ಅಸಾಧ್ಯವೆಂದು ನಾವು ಒಪ್ಪೆವು.

ಕರ್ನಾಟಕ ಸರಕಾರವು 2016ರಲ್ಲಿ ಉಪಶಮನ ಚಿಕಿತ್ಸೆಯ ನೀತಿಯನ್ನು ಸಾರಿದೆ. ಸಾರಿದ ನೀತಿಯು ತಾಲೂಕಿನ ಔಷಧದ ಕಪಾಟಿನಲ್ಲಿ ಕಾಣಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸರಕಾರೀ ದವಾಖಾನೆಗಳಲ್ಲಿ ಮಾನ್ಯತೆ ಪಡೆದವು ಯಾವುವು, ತರಬೇತಿಯಾದ ವೈದ್ಯರೆಷ್ಟು ಮಂದಿ, ಗುಳಿಗೆಗಳ ಸಂಗ್ರಹವೆಷ್ಟು ಎಂಬುದನ್ನು ಜಿಲ್ಲೆಯ ಆರೋಗ್ಯಾಧಿಕಾರಿಗಳು ಬಹಿರಂಗವಾಗಿ ತಿಳಿಸಲಿ. ಕೊರತೆಯಿದ್ದಲ್ಲಿ ಪ್ರತಿ ತಾಲೂಕಿಗೆ ಇಬ್ಬರು ವೈದ್ಯರನ್ನಾದರೂ ಕೂಡಲೇ ತರಬೇತಿಗೆ ಕಳಿಸಲಿ. ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡಲಿ, ಕದ್ದವನನ್ನು ಶಿಕ್ಷಿಸಲಿ. ಆದರೆ ಕಳ್ಳನ ಮೇಲಿನ ಸಂಶಯಕ್ಕಾಗಿ ರೋಗಿಯನ್ನು ದಂಡಿಸುವ ರೂಢಿಯು ಇನ್ನಾದರೂ ನಿಲ್ಲಲಿ.