ಖಂಡೇನವಮಿಗೆ ಖಡ್ಗ ತಿಕ್ಕಬ್ಯಾಡ್ರಿ

ಆಯುಧ ಪೂಜೆಗೆ ನಮ್ಮ ಕಡೆ ಖಂಡೇನವಮಿ ಅಂತಾರೆ. ಖಂಡೆ ಅಂದರೆ ಖಡ್ಗ. ಈಗ ಪೂಜೆ ಆಗೋದು ಬೈಕಿಗೆ, ಲ್ಯಾಪ್‌ಟಾಪಿಗೆ, ವರ್ಕ್‌ಶಾಪಿನ ಲೇತ್ ಮಷೀನಿಗೆ. ಆದರೆ ಧಾರವಾಡದ ಸುತ್ತ ದೇಸಾಯರ ವಾಡೆ, ಗೌಡರ ಮನೆಗಳ ಜಗಲಿ ಮೇಲೆ ಹಳೇ ಖಡ್ಗ ಇನ್ನೂ ಇವೆ. ಹಬ್ಬ ಬಂತಂದರೆ ಅವಕ್ಕೆ ಹುಣಸೆಹಣ್ಣು ಹಚ್ಚಿ, ಎಮರಿ ಪೇಪರಿನಿಂದ ಫಳಫಳ ಹೊಳೆಯೋ ಹಂಗ ತಿಕ್ಕತಾರೆ. ಪೂಜೆ ಮಾಡೋದು ಸರಿ, ಹಿಂಗ ತಿಕ್ಕೋದು ಮಾತ್ರ ನಿಲ್ಲಬೇಕು ಅನ್ನೋದು ನಮ್ಮ ವಾದ.

ಯಾಕಂದರೆ ಖಡ್ಗದ ಗುರುತು ಇರೋದೇ ಅದರ ಮೇಲ್ಮೈಯಲ್ಲಿ. ನಾವು ಮಟೀರಿಯಲ್ ಸೈನ್ಸಿನಲ್ಲಿ ಓದೋ ‘ವೂಟ್ಜ್’ ಅನ್ನೋ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದದ್ದು ಅಂತ ಬಹಳ ವಿದ್ವಾಂಸರು ಹೇಳತಾರೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣ, ಕಟ್ಟಿಗೆ, ಹಸಿ ಎಲೆ ಹಾಕಿ, ಬಾಯಿ ಮುಚ್ಚಿ ಕರಗಿಸಿದ ಉಕ್ಕು ಅದು. ಕಾರ್ಬನ್ ಸುಮಾರು 1.5%. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಉಕ್ಕು ಮಾಡೋ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅಂಥ ಉಕ್ಕಿನ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆ ಕಾಣತಾವೆ. ಹಿಡಿಯ ತುದಿಗೆ ದುಂಡನೆ ಬಿಲ್ಲೆ ಇದ್ದರೆ ಅದು ತಲವಾರಿನ ಹಿಡಿ. ದೇಶಿ ಹಿಡಿಗೆ ಯುರೋಪಿನ ನೆಟ್ಟನೆ ಅಲಗು ಕೂಡಿಸಿದ್ದರೆ ‘ಫಿರಂಗಿ’ ಖಡ್ಗ. ಅದರ ಮೇಲೆ ಕಮ್ಮಾರರ ಮುದ್ರೆಯೂ ಸಿಗಬಹುದು. ಎಮರಿ ಪೇಪರಿಗೆ ತುಕ್ಕು ಯಾವುದು, ಮುದ್ರೆ ಯಾವುದು ಅಂತ ಗೊತ್ತಾಗೋದಿಲ್ಲ.

ಜಾವಾದಲ್ಲೂ ‘ಕ್ರಿಸ್’ ಅನ್ನೋ ಕಠಾರಿಯನ್ನು ವರ್ಷಕ್ಕೊಮ್ಮೆ ನಿಂಬೆರಸದಿಂದ ತೊಳೀತಾರೆ. ಆದರೆ ಅದು ಗೊತ್ತಿದ್ದವರ ಕೆಲಸ. ತೊಳೆದ ಮೇಲೆ ಒಣಗಿಸಿ ಎಣ್ಣೆ ಹಚ್ಚತಾರೆ. ನಮ್ಮಲ್ಲಿ ನಿಂಬೆಹಣ್ಣು ಚುಚ್ಚಿ, ಹಸಿ ಕುಂಕುಮ ಹಚ್ಚಿ, ಹಂಗೇ ಒರೆಗೆ ಸೇರಿಸತೀವಿ. ಆಮ್ಲ, ತೇವ ಎರಡೂ ಇದ್ದ ಮೇಲೆ ತುಕ್ಕು ಬರದೇ ಏನು?

‘ಹೊಳೆದರೇನೇ ಕಳೆ’ ಅಂತ ಹಿರಿಯರು ಅನ್ನಬಹುದು. ಅವರ ಜೊತೆ ಜಗಳ ಬೇಡ. ನಿಂಬೆಹಣ್ಣು ಮುಂದಿನ ತಟ್ಟೆಯಲ್ಲಿ ಇರಲಿ, ಕುಂಕುಮ ಪೀಠಕ್ಕೆ ಹಚ್ಚೋಣ. ಅಲಗನ್ನು ಬರಿಗೈಯಿಂದ ಮುಟ್ಟಬಾರದು. ಬೆವರಿನ ಉಪ್ಪೂ ತುಕ್ಕು ತರತದೆ. ಒಣ ಬಟ್ಟೆಯಿಂದ ಒರೆಸಿ, ತೆಳ್ಳಗೆ ಮಷೀನ್ ಎಣ್ಣೆ ಸವರಿದರೆ ಸಾಕು. ತೊಗಲಿನ ಒರೆ ತೇವ ಹಿಡೀತದೆ, ಅದನ್ನು ಬೇರೆ ಇಡಬೇಕು.

2023ರಲ್ಲಿ ಟಿಪ್ಪುವಿನ ಒಂದು ಖಡ್ಗ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು. ನಮ್ಮ ಹಳ್ಳಿಯ ಖಡ್ಗಕ್ಕೆ ಅಂಥ ಹೆಸರಿಲ್ಲ, ಆದರೆ ಅದನ್ನು ಹಿಡಿದವರ ಊರು ನಮ್ಮದೇ. ನೂರು ವರ್ಷ ದಾಟಿದ್ದರೆ 1972ರ ಕಾಯ್ದೆ ಪ್ರಕಾರ ಅದು ಪುರಾತನ ವಸ್ತು, ಪರವಾನಗಿ ಇಲ್ಲದೆ ದೇಶದ ಹೊರಗೆ ಒಯ್ಯುವಂತಿಲ್ಲ. ಗುಜರಿ ತೂಕಕ್ಕೆ ಕೊಡೋ ಮೊದಲು ಇದನ್ನು ನೆನಪಿಡಬೇಕು.

ಆದ್ದರಿಂದ ಈ ದಸರೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡೋಣ. ಸ್ಕೇಲ್ ಪಕ್ಕಕ್ಕಿಟ್ಟು ಅಲಗು, ಹಿಡಿ, ಮುದ್ರೆ ಎಲ್ಲದರ ಫೋಟೋ ತೆಗೆಯೋಣ. ಉದ್ದ, ತೂಕ ಬರೆದುಕೊಳ್ಳೋಣ. ಅದು ಮನೆಗೆ ಹೆಂಗ ಬಂತು ಅಂತ ಅಜ್ಜನನ್ನು ಕೇಳಿ ರೆಕಾರ್ಡ್ ಮಾಡೋಣ. ಲ್ಯಾಬಿಗೆ ತಂದು ಸ್ಯಾಂಪಲ್ ಕತ್ತರಿಸೋದಂತೂ ಬೇಡವೇ ಬೇಡ. ಫೋಟೋ ಹಿಡಕೊಂಡು ಕಿತ್ತೂರಿನ ವಸ್ತುಸಂಗ್ರಹಾಲಯಕ್ಕೋ, ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಗೋ ಹೋಗಿ ಕೇಳೋಣ. ಮೆಕ್ಯಾನಿಕಲ್, ಸಿವಿಲ್, ಸಿಎಸ್ ಯಾರಾದರೂ ಮಾಡಬಹುದು. ಎಮರಿ ಪೇಪರ್ ವರ್ಕ್‌ಶಾಪಿನಲ್ಲೇ ಇರಲಿ.