ಭದ್ರಾವತಿಯ ಕುಲುಮೆ, ಮೈಸೂರು ಬ್ಯಾಂಕು ಮತ್ತು ಒಬ್ಬ ದಿವಾನರು

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾಡು ಕನ್ನಂಬಾಡಿ ಕಟ್ಟೆಯ ಎಂಜಿನಿಯರ್ ಎಂದು ನೆನೆಯುತ್ತದೆ. ಸರ್ಕಾರ ಏನೇನು ಮಾಡಬೇಕು, ಜನರ ಹಣ ಎಲ್ಲಿಗೆ ಹರಿಯಬೇಕು ಎಂಬ ವಿಚಾರದಲ್ಲಿ ಅವರು ಹಾಕಿದ ಪಾಯ ಆ ಕಟ್ಟೆಗಿಂತ ಚಿಕ್ಕದಲ್ಲ.

ಅಮೆರಿಕದಲ್ಲಿ 1791ರಲ್ಲೇ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸರ್ಕಾರದ ಬೆಂಬಲದ ರಾಷ್ಟ್ರೀಯ ಬ್ಯಾಂಕನ್ನು ವಾದಿಸಿ ತಂದಿದ್ದರು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಅಂಥ ಕೆಲಸ 1913ರ ಅಕ್ಟೋಬರ್ 2ರಂದು ನಡೆಯಿತು. ಅಂದು ಹುಟ್ಟಿದ್ದು ಮೈಸೂರು ಬ್ಯಾಂಕು. ಕರಾವಳಿಯಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ, ಹಾಜಿ ಅಬ್ದುಲ್ಲಾ ಅವರಂಥವರು 1906ರಲ್ಲೇ ಸ್ವಂತ ಉಮೇದಿನಿಂದ ಬ್ಯಾಂಕು ಕಟ್ಟಿದ್ದರು. ಹಳೇ ಮೈಸೂರಿನಲ್ಲಿ ಸಂಸ್ಥಾನವೇ ಮುಂದೆ ನಿಲ್ಲಬೇಕಾಯಿತು. ಇಲ್ಲಿನ ಉಳಿತಾಯ ಇಲ್ಲಿನ ವ್ಯಾಪಾರಕ್ಕೆ, ಉದ್ಯಮಕ್ಕೆ ಬಂಡವಾಳವಾಗಲಿ ಎಂಬುದೇ ಉದ್ದೇಶ.

ಬೆಂಕಿಪುರ ಎಂದು ಕರೆಯುತ್ತಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿದ್ದೂ ಅವರ ಕಾಲದಲ್ಲೇ, 1918ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. ಉತ್ಪಾದನೆ ಶುರುವಾದ 1923ರ ಹೊತ್ತಿಗೆ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಸಂಸ್ಥಾನದ ದುಡ್ಡು ನೀರುಪಾಲಾಗುತ್ತಿದೆ ಎಂಬ ಟೀಕೆ ಎದ್ದಿತು. ದಿವಾನಗಿರಿ ಬಿಟ್ಟು ವರ್ಷಗಳಾಗಿದ್ದರೂ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ಇದ್ದರು. ಖರ್ಚು ಕಡಿತ ಮಾಡಿ, ಕೆಲಸಕ್ಕೆ ಶಿಸ್ತು ತಂದು ಕಾರ್ಖಾನೆಯನ್ನು ಉಳಿಸಿದರು. ನಷ್ಟ ಕಂಡಾಗ ಅವರು ಬಾಗಿಲು ಹುಡುಕಲಿಲ್ಲ, ಕಾರಣ ಹುಡುಕಿದರು.

1934ರಲ್ಲಿ ಅವರು ಭಾರತಕ್ಕೊಂದು ಯೋಜಿತ ಆರ್ಥಿಕತೆ ಬೇಕೆಂದು ಪುಸ್ತಕವನ್ನೇ ಬರೆದರು. ದೇಶಕ್ಕೆ ಯೋಜನಾ ಆಯೋಗ ಬಂದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ, 1950ರಲ್ಲಿ.

ಅವರ ಪದ್ಧತಿಯಲ್ಲಿ ಒಂದು ದೋಷವೂ ಇತ್ತು. ತೀರ್ಮಾನಗಳೆಲ್ಲ ಮೇಲಿನಿಂದ ಇಳಿಯುತ್ತಿದ್ದವು. ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ಪ್ರಶ್ನೆ 1918ರಲ್ಲಿ ಮಿಲ್ಲರ್ ಸಮಿತಿಯ ಮುಂದೆ ಬಂದಾಗ ಅವರು ಅದರ ಪರವಿದ್ದ ಮಹಾರಾಜರ ಜೊತೆ ನಿಲ್ಲಲಿಲ್ಲ. ಇದನ್ನು ಮುಚ್ಚಿಡಬಾರದು. ಆದರೂ ತೀರ್ಮಾನ ಇಳಿಯುತ್ತಿದ್ದ ಆ ಅಧಿಕಾರದ ಕೇಂದ್ರ ದೂರದ್ದಾಗಿರಲಿಲ್ಲ. ಅದು ಮೈಸೂರಿನ ಜನರ ಕಣ್ಣೆದುರಿಗೇ ಇತ್ತು.

ಆ ಕೇಂದ್ರ ಈಗ ಬಹಳ ದೂರ ಸರಿದಿದೆ. 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಅದರಲ್ಲೇ ವಿಲೀನವಾಯಿತು. ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಸೇರಿತು. ಅದನ್ನು ಮಾರುವ ಯತ್ನ ಕೊಳ್ಳುವವರಿಲ್ಲದೆ 2022ರಲ್ಲಿ ಬಿದ್ದುಹೋಯಿತು. ಮರುವರ್ಷ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು, ಕಾರ್ಮಿಕರು ಬೀದಿಗಿಳಿದರು, ಆಗಸ್ಟ್‌ನಲ್ಲಿ ಉತ್ಪಾದನೆ ಮತ್ತೆ ಶುರುವಾಯಿತು. ಸಾವಿರಾರು ಮನೆಗಳ ಅನ್ನದ ವಿಷಯ ದೆಹಲಿಯ ಕಡತಗಳಲ್ಲಿ ಹೀಗೆ ಜೋತಾಡಬಾರದು.

ಬಲವಾದ ಸರ್ಕಾರ ಬೇಕು ಎಂಬ ವಿಶ್ವೇಶ್ವರಯ್ಯನವರ ನಿಲುವನ್ನು ನಾವು ಉಳಿಸಿಕೊಂಡೆವು, ಸ್ಥಳೀಯ ಬಂಡವಾಳದ ಹೊಣೆಯನ್ನು ಕೈಬಿಟ್ಟೆವು. ಶಿವಮೊಗ್ಗದ ವಿನೋಬನಗರದಿಂದ ಭದ್ರಾವತಿಯ ಹಳೇನಗರದವರೆಗೆ ಮತ ಕೇಳಲು ಬರುವ ಪ್ರತಿಯೊಬ್ಬರ ಮುಂದೆ ಜನ ಎರಡು ಪ್ರಶ್ನೆ ಇಡಲಿ: ಈ ಜಿಲ್ಲೆಯ ಠೇವಣಿಯಲ್ಲಿ ಎಷ್ಟು ಪಾಲು ಈ ಜಿಲ್ಲೆಗೇ ಸಾಲವಾಗಿ ಬರುತ್ತಿದೆ? ಕಾರ್ಖಾನೆಗೆ ಹೊಸ ಬಂಡವಾಳ ಎಷ್ಟು, ಯಾವಾಗ? ಉತ್ತರವನ್ನು ಬರಹದಲ್ಲೇ ಕೇಳಿ ಪಡೆಯಬೇಕು.