ಗುರಿಕೋವಿಯನ್ನು ಆರಿಸುವ ಬಗೆ

ಉಪ್ಪಿನಕಾಯಿಯ ಭರಣಿಯನ್ನೂ ಮಕ್ಕಳ ಪಾಠವನ್ನೂ ಕುರಿತು ಬರೆಯತಕ್ಕ ಈ ಪುಟದಲ್ಲಿ ಕೋವಿಯ ಮಾತೇಕೆ ಎಂದು ನಮ್ಮ ವಾಚಕರು ಕೇಳಬಹುದು. ಕೇಳತಕ್ಕುದೇ ಸರಿ. ಆದರೆ ಕಳೆದ ತಿಂಗಳು ನಮ್ಮ ಹಳೆಯ ಶಿಷ್ಯನೊಬ್ಬನು ಕೊಡಗಿನಿಂದ ತನ್ನ ಮಗಳೊಡನೆ ನಮ್ಮ ಮನೆಗೆ ಬಂದನು. ಆಕೆಗೆ ಇಪ್ಪತ್ತೆರಡು ವರ್ಷ. ಕೈಲ್‌ಪೊಳ್ದಿನ ದಿನ ಮನೆಯ ಕೋವಿಗೆ ತೋಕ್‌ಪೂವನ್ನು ಸಿಕ್ಕಿಸಿ ಪೂಜಿಸುವುದನ್ನೂ, ತರುವಾಯ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದನ್ನೂ ಎಳವೆಯಿಂದ ಕಂಡವಳು. ಈಗ ಕಾಗದದ ಗುರಿಗೆ ಹೊಡೆಯುವ ಸ್ಪರ್ಧೆಯನ್ನು ಕಲಿಯಬೇಕೆಂಬ ಹಟ ಹಿಡಿದಿದ್ದಾಳೆ. ಯಾರದೋ ಹಳೆಯ ರೈಫಲೊಂದನ್ನು ತಂದೆ ನೋಡಿಟ್ಟಿದ್ದನು. ಆ ವರ್ಷದ ಕರಿಮೆಣಸಿನ ಹಣವೆಲ್ಲವೂ ಅದಕ್ಕೇ ಹೋಗುವುದರಲ್ಲಿತ್ತು.

ಸಂಸ್ಕೃತದ ಮೇಷ್ಟರನ್ನು ಕೇಳಬೇಕಾದ ವಿಷಯವೆ ಇದು? ಕಾರಣವುಂಟು. ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಾಲೆಯ ಎನ್.ಸಿ.ಸಿ. ದಳದ ಹೊಣೆಯನ್ನು ಹೊರುವವರು ಯಾರೂ ಇರಲಿಲ್ಲ. ಕಿರಿಯರೆಂಬ ಕಾರಣಕ್ಕೆ ಅದು ನಮ್ಮ ತಲೆಗೆ ಬಂದಿತು. ಬೆಳಗ್ಗೆ ಶಬ್ದಮಂಜರಿ, ಸಂಜೆ .22 ರೈಫಲು. ಹುಡುಗರು ಇಪ್ಪತ್ತೈದು ಗಜದ ದೂರದಿಂದ ಐದೈದು ಗುಂಡುಗಳನ್ನು ಹೊಡೆಯುವರು. ಐದು ತೂತುಗಳು ಎಷ್ಟು ಒತ್ತಾಗಿ ಬಿದ್ದಿವೆಯೆಂದು ನಾವು ಅಳತೆಪಟ್ಟಿಯಿಂದ ಅಳೆಯುವೆವು. 1992ರಲ್ಲಿ ಈ ಶಿಷ್ಯನು ಹತ್ತನೆಯ ತರಗತಿಯಲ್ಲಿದ್ದನು. ಶಿಬಿರದ ತಂಡಕ್ಕೆ ಹುಡುಗರನ್ನು ಆರಿಸುವ ದಿನ ಅವನ ಐದು ಗುಂಡುಗಳೂ ಅಂಗೈಯಗಲ ಚೆದರಿದ್ದವು. “ನಿನಗೆ ಏಕಾಗ್ರತೆಯಿಲ್ಲ” ಎಂದು ಎಲ್ಲರೆದುರು ಗದರಿಸಿ ಅವನನ್ನು ಬಿಟ್ಟುಬಿಟ್ಟೆವು. ಎರಡು ವಾರಗಳ ಮೇಲೆ ಕೋವಿಗಳನ್ನು ಪರಿಶೀಲಿಸಲು ಬಂದವನು ಆ ರೈಫಲಿನ ನಳಿಗೆಯನ್ನು ಮರಕ್ಕೆ ಬಿಗಿಯುವ ತಿರುಪು ಸಡಿಲವಾಗಿರುವುದನ್ನು ತೋರಿಸಿದನು. ತಂಡವು ಅಷ್ಟರಲ್ಲಿ ಹೊರಟುಹೋಗಿದ್ದಿತು. ನಾವು ಆ ಹುಡುಗನಿಗೆ ಏನನ್ನೂ ಹೇಳಲಿಲ್ಲ.

ದ್ರೋಣಾಚಾರ್ಯರು ಮರದ ಮೇಲೆ ಹಕ್ಕಿಯನ್ನಿಟ್ಟು ಶಿಷ್ಯರ ದೃಷ್ಟಿಯನ್ನು ಪರೀಕ್ಷಿಸಿದ ಕಥೆಯನ್ನು ನಾವು ಎಷ್ಟು ಸಲ ಪಾಠ ಹೇಳಿದ್ದೇವೆಯೋ! ಆ ಮೊದಲು ಬಿಲ್ಲುಗಳನ್ನು ಪರೀಕ್ಷಿಸಿದರೆ ಇಲ್ಲವೆ ಎಂದು ಒಬ್ಬ ಹುಡುಗನೂ ಕೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಇರಲಿ. ಕೊಳ್ಳುವವನು ಮೊದಲು ತಿಳಿಯಬೇಕಾದುದು ಕೋವಿಯು ಯಾತಕ್ಕೆಂಬುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ನಮ್ಮ ದೇಶದಲ್ಲಿ ಬೇಟೆಯ ಮಾತನ್ನು ಎತ್ತುವಂತಿಲ್ಲ. ಉಳಿದುದು ಗುರಿಯ ಅಭ್ಯಾಸ. ಅದಕ್ಕೆ ದೊಡ್ಡ ತೋಟಾದ ರೈಫಲು ಹೊಸಬರಿಗೆ ಶತ್ರು. ಬ್ರಿಟಿಷರ ಕಾಲದಲ್ಲಿ ಸೈನ್ಯದ .303 ತೋಟಾವು ಜನರ ಕೈಗೆ ಸಿಕ್ಕಬಾರದೆಂದು .315 ಎಂಬ ಬೇರೆಯ ಅಳತೆಯು ರೂಢಿಗೆ ಬಂದಿತು. ಬಂಗಾಳದ ಇಛಾಪುರದ ಸರಕಾರಿ ಕಾರ್ಖಾನೆಯ.315 ರೈಫಲು ಲೀ-ಎನ್‌ಫೀಲ್ಡಿನ ವಂಶದ್ದೇ. ಗಟ್ಟಿಯಾದ ಆಯುಧವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಒದೆತವನ್ನು ನಾಲ್ಕು ಸಲ ತಿಂದ ಭುಜವು ಐದನೆಯ ಸಲ ಕುದುರೆಯನ್ನು ಎಳೆಯುವ ಮೊದಲೇ ಅಳುಕುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ಆ ಅಳುಕು ಒಮ್ಮೆ ಅಂಟಿದರೆ ಬಿಡಿಸುವುದು ಅಪಶಬ್ದದ ಅಭ್ಯಾಸವನ್ನು ಬಿಡಿಸುವಷ್ಟೇ ಕಷ್ಟ. .22ರ ಗುಂಡಾದರೋ ಸಾಮಾನ್ಯವಾಗಿ ಎರಡೂವರೆ ಗ್ರಾಮಿನಷ್ಟು ತೂಕದ್ದು. ಒದೆತವೆಂಬುದು ಇಲ್ಲವೆಂದೇ ಹೇಳಬೇಕು. ತೋಟಾದ ಖರ್ಚೂ ಕಡಮೆ.

ಬೋಲ್ಟಿನ ಕೋವಿಯೇ ಏಕೆಂದು ಆ ಹುಡುಗಿಯು ಕೇಳಿದಳು. ಬಾಗಿಲಿಗೆ ಅಗುಳಿ ಹಾಕಿದಂತೆ ಕೈಯಿಂದಲೇ ತೋಟಾವನ್ನು ದೂಡಿ ಬಿಗಿಯುವುದರಿಂದ ಪ್ರತಿ ಸಲವೂ ಅದು ಒಂದೇ ರೀತಿಯಾಗಿ ಕುಳಿತುಕೊಳ್ಳುತ್ತದೆ. ಗುಂಡು ಹೊರಡುವ ಕ್ಷಣದಲ್ಲಿ ಅಲುಗಾಡುವ ಭಾಗಗಳು ಕಡಮೆ. ಒಂದೊಂದು ಗುಂಡಿಗೂ ಕೈಯೆತ್ತಬೇಕಾದುದರಿಂದ ಕಲಿಯುವವರಿಗೆ ಆತುರವೂ ಕಡಮೆಯಾಗುತ್ತದೆ, ಇದು ನಮ್ಮ ಅನುಭವ. 2024ರಲ್ಲಿ ಪ್ಯಾರಿಸಿನ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆಯವರು ಕಂಚಿನ ಪದಕವನ್ನು ಗಳಿಸಿದ 50 ಮೀಟರಿನ ಮೂರು ಭಂಗಿಯ ಸ್ಪರ್ಧೆಯು .22 ರೈಫಲಿನದೇ. ಅದರ ಗುರಿಯಲ್ಲಿ ಹತ್ತು ಅಂಕದ ವೃತ್ತವು 10.4 ಮಿಲಿಮೀಟರು. ಉದ್ದಿನ ವಡೆಯ ನಡುವಿನ ತೂತೂ ಅದಕ್ಕಿಂತ ದೊಡ್ಡದು!

ಜರ್ಮನಿಯ ಆನ್‌ಶುಟ್ಸ್ ಮೊದಲಾದವುಗಳ ಹೆಸರನ್ನು ಹೇಳಿ ಆಸೆ ಹುಟ್ಟಿಸುವವರು ಬಹಳ. ಸಾಮಾನ್ಯ ಲೈಸೆನ್ಸುದಾರನು ಹೊರದೇಶದಿಂದ ಕೋವಿ ತರಿಸುವುದಕ್ಕೆ 1980ರ ದಶಕದಿಂದ ತಡೆಯಿದೆ. ಹೆಸರು ಮಾಡಿದ ಸ್ಪರ್ಧಾಳುಗಳಿಗೆ ಮಾತ್ರ ರಿಯಾಯಿತಿ. ಆದುದರಿಂದ ಹಳೆಯ ಪರದೇಶದ ಕೋವಿಗಳು ಕೈಯಿಂದ ಕೈಗೆ ಹೋಗುತ್ತ, ಗುಣಕ್ಕೆ ಮೀರಿದ ಬೆಲೆಯನ್ನು ಪಡೆದಿವೆ. ಶಿಷ್ಯನು ನೋಡಿಟ್ಟಿದ್ದುದೂ ಅಂತಹುದೇ. ಮೇಲೊಂದು ದೂರದರ್ಶಕ, ಮರಕ್ಕೆ ಹೊಸ ಬಣ್ಣ, ಮೂರು ಗುಂಡುಗಳು ಒಂದಕ್ಕೊಂದು ತಾಗಿ ಬಿದ್ದಿದ್ದ ಕಾಗದವೊಂದು ಮಾರುವವನ ಜೇಬಿನಲ್ಲಿ. 50 ಮೀಟರಿನ ಆ ಸ್ಪರ್ಧೆಯಲ್ಲಿ ದೂರದರ್ಶಕವನ್ನು ಬಳಸುವಂತೆಯೇ ಇಲ್ಲವೆಂಬುದನ್ನು ಅವನು ಹೇಳಿರಲಿಲ್ಲ.

ಒಡೆಯರ ಸಮ್ಮುಖದಲ್ಲಿ ಕ್ಲಬ್ಬಿನ ಗುರಿಮೈದಾನದಲ್ಲಿ ನೋಡೋಣವೆಂದು ಹೊರಟೆವು. ಕೋವಿಯನ್ನು ಕೈಗೆ ತೆಗೆದುಕೊಂಡೊಡನೆ, ಬರಿದೆಂದು ಯಾರು ಆಣೆಯಿಟ್ಟು ಹೇಳಿದರೂ, ಬೋಲ್ಟನ್ನು ತೆರೆದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡತಕ್ಕುದು. ತರುವಾಯ ಬೋಲ್ಟನ್ನು ಹೊರಕ್ಕೆ ತೆಗೆದು, ಬಿಳಿಯ ಬಟ್ಟೆಯ ಕಡೆಗೆ ತಿರುಗಿಸಿ ಹಿಂದಿನಿಂದ ನಳಿಗೆಯೊಳಗೆ ನೋಡಬೇಕು. ಸುರುಳಿಗೆರೆಗಳು ಚೂಪಾಗಿ ಹೊಳೆಯಬೇಕು, ತುಕ್ಕಿನ ಕುಳಿಗಳಿರಬಾರದು. ನಳಿಗೆಯ ಬಾಯಿಯ ಅಂಚನ್ನು ಬಹು ಮಂದಿ ನೋಡುವುದೇ ಇಲ್ಲ. ಮುಂದಿನಿಂದ ಸಲಾಕಿ ತೂರಿಸಿ ಒರಸಿ ಒರಸಿ ಆ ಅಂಚು ಒಂದು ಕಡೆ ಸವೆದಿದ್ದರೆ ಗುಂಡು ಹೊರಡುವಾಗಲೇ ಓರೆಯಾಗುತ್ತದೆ. .22ರಲ್ಲಿ ಇನ್ನೊಂದು ರೋಗವಿದೆ: ಇದರ ಸಿಡಿಮದ್ದು ತೋಟಾದ ಅಂಚಿನಲ್ಲಿರುವುದರಿಂದ ಸೂಜಿಯು ಅಂಚಿಗೇ ಬಡಿಯುತ್ತದೆ, ತೋಟಾವಿಲ್ಲದೆ ಕುದುರೆಯನ್ನು ಎಳೆದು ಆಟವಾಡಿದವರ ಕೋವಿಯಲ್ಲಿ ನಳಿಗೆಯ ಹಿಂಬದಿಯ ತುಟಿಗೆ ಗಾಯವಾಗಿರುವುದುಂಟು. ತಿರುಪುಗಳನ್ನು ಬಿಗಿದು ನೋಡಬೇಕೆಂದು ನಾವು ಬೇರೆ ಹೇಳಬೇಕೆ?

ಇಷ್ಟಾದ ಮೇಲೆ ಮರಳಿನ ಚೀಲದ ಮೇಲಿಟ್ಟು ಹೊಡೆಯತಕ್ಕುದು. ಮೂರು ಗುಂಡುಗಳನ್ನು ನಂಬಬೇಡಿ. ಮೂರು ಅದೃಷ್ಟದಿಂದಲೂ ಒಂದೆಡೆ ಬೀಳುತ್ತವೆ. ಐದೈದರಂತೆ ನಾಲ್ಕು ಕಾಗದಗಳು, ಎರಡು ಬಗೆಯ ತೋಟಾ; ಎಲ್ಲ ಕಾಗದಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು, ಚೆಂದದ್ದೊಂದನ್ನೇ ಅಲ್ಲ. ಕೋನದ ಒಂದು ಕಲೆ, ಎಂದರೆ ಒಂದು ಅಂಶದ ಅರುವತ್ತನೆಯ ಪಾಲು, 100 ಮೀಟರಿಗೆ ಸುಮಾರು 29 ಮಿಲಿಮೀಟರು, 50ಕ್ಕೆ ಅದರ ಅರ್ಧ. ಹೊಸಬರ ಕೋವಿಯು ಎರಡು ಕಲೆಯೊಳಗೆ, ಅಂದರೆ 50 ಮೀಟರಿನಲ್ಲಿ 29 ಮಿಲಿಮೀಟರಿನ ಆಸುಪಾಸಿನಲ್ಲಿ, ಐದನ್ನೂ ಇಟ್ಟರೆ ಮೊದಲ ಎರಡು ವರ್ಷಗಳ ಕಲಿಕೆಗೆ ಸಾಕೆಂದು ನಮ್ಮ ಅಭಿಪ್ರಾಯ. ಬಣ್ಣದ ಕೋವಿಯು 48, 61, 55, 52 ಕೊಟ್ಟಿತು; ಬಾಯಿಯ ಅಂಚು ಸವೆದಿದ್ದಿತು. ಕ್ಲಬ್ಬಿನ ಸದಸ್ಯರೊಬ್ಬರು ಮಾರಬೇಕೆಂದಿದ್ದ ಇಛಾಪುರದ .22 ಒಂದನ್ನು ತಂದರು. ಮರವೆಲ್ಲ ಗೀರು, ನೋಡಿದರೆ ಸೌದೆ ಒಡೆಯುವವನ ಕೊಡಲಿಯ ಹಿಡಿ. ಅದು 24, 27, 22, 31 ಕೊಟ್ಟಿತು. ಬೆಲೆಯು ಮೊದಲಿನದರ ಅರ್ಧಕ್ಕೂ ಕಡಮೆ.

ಅಳತೆಪಟ್ಟಿಯನ್ನು ಹಿಡಿದಿದ್ದ ನಾವು ಆಗಲೇ 1992ರ ತಿರುಪಿನ ಸಂಗತಿಯನ್ನು ಶಿಷ್ಯನಿಗೆ ಹೇಳಿದೆವು. ಅವನು ಮಗಳ ಕಡೆ ನೋಡುತ್ತ, “ಅದು ಅಲುಗಾಡುತ್ತಿದ್ದುದು ನನಗೆ ಆ ದಿನವೇ ಗೊತ್ತಿತ್ತು, ಮೇಷ್ಟ್ರೇ. ಹೇಳಿದರೆ ನೆಪವೆನ್ನುತ್ತಿದ್ದಿರಿ” ಎಂದನು. ಎನ್ನುತ್ತಿದ್ದೆವು, ಅದರಲ್ಲಿ ಅನುಮಾನವಿಲ್ಲ.

ಕಾಗದಪತ್ರದ ಮಾತನ್ನು ಬಿಡುವಂತಿಲ್ಲ. ಇಪ್ಪತ್ತೊಂದು ವರ್ಷ ತುಂಬಿದವರಿಗಲ್ಲದೆ ಸಾಮಾನ್ಯವಾಗಿ ಲೈಸೆನ್ಸಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಹತ್ತು ವರ್ಷಗಳಿಗೆ, ಎಂದರೆ 2029ರವರೆಗೆ, ಮುಂದುವರಿಸಿತು. ಹಾಗೆಂದು ಕೈಬೀಸಿಕೊಂಡು ಹೋಗಿ ಕೋವಿಯನ್ನು ತರುವಂತಿಲ್ಲ, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಯೇ ಮುಂದರಿಯಬೇಕು. ಕೋವಿಯ ಮೇಲಿನ ಸಂಖ್ಯೆಯೂ ಮಾರುವವನ ಪತ್ರದಲ್ಲಿನ ಸಂಖ್ಯೆಯೂ ಒಂದೇ ಆಗಿದೆಯೆ ಎಂದು ಅಕ್ಷರಕ್ಷರ ಹೋಲಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ.

ಆ ಹುಡುಗಿಯು ಪತ್ರಗಳು ಸಿದ್ಧವಾಗುವವರೆಗೆ ಕ್ಲಬ್ಬಿನ ಕೋವಿಯಲ್ಲಿಯೇ ಅಭ್ಯಾಸ ಮಾಡುತ್ತಿದ್ದಾಳೆ. ಉಳಿದ ಮೆಣಸಿನ ಹಣದಲ್ಲಿ ತೋಟಾಗಳಿಗೆ ಒಂದಿಷ್ಟು, ಬೀಗವಿರುವ ಕಬ್ಬಿಣದ ಬೀರುವಿಗೆ ಒಂದಿಷ್ಟು ಎಂದು ತೆಗೆದಿಟ್ಟಿದ್ದಾರೆ. ಬೋಲ್ಟು ಒಂದು ಕಡೆ, ತೋಟಾ ಇನ್ನೊಂದು ಕಡೆ, ಬೀಗದ ಕೈ ಮಕ್ಕಳಿಗೆ ಎಟುಕದ ಕಡೆ ಇರಬೇಕೆಂದು ತಂದೆಗೆ ಎರಡು ಸಲ ಹೇಳಿ ಕಳುಹಿಸಿದ್ದೇವೆ.